ದಾಕ್ಷಾಯಿಣಿ ಪಾಸಾದಳು

ನಂಜನಗೂಡು, ನವೆಂಬರ್ 1983

ಚಂಪಕಕ್ಕ,

ನನ್ನ ಶಿಷ್ಯೆ ದಾಕ್ಷಾಯಿಣಿ ಇವತ್ತು ಪಾಸಾದಳು! ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫೇಲಾದಾಗ ಅವಳು ಊಟ ಬಿಟ್ಟು, ತನ್ನ ಬಳೆಗಳನ್ನೆಲ್ಲ ಗೆಳತಿಯರಿಗೆ ಹಂಚಿಬಿಟ್ಟಿದ್ದಳು. ನಾನು ಅವಳ ಊರಾದ ಹೆಡತಲೆಗೆ ಹೋಗಿ, ಪಕ್ಕದಲ್ಲಿ ಕೂತು, "ಸಾಯಬೇಕು ಅನ್ನಿಸ್ತಿದೆಯೇನೇ?" ಎಂದು ನೇರವಾಗಿ ಕೇಳಿದೆ. ಅವಳು ಅತ್ತು ಎಲ್ಲವನ್ನೂ ಹೇಳಿಕೊಂಡಳು. ಆಮೇಲೆ ಅವಳ ಅವ್ವ ಅವಳನ್ನು ಒಂಟಿಯಾಗಿ ಬಿಡಲೇ ಇಲ್ಲ. ಪಾಠಕ್ಕೂ ನಮ್ಮ ಮನೆಗೆ ಜೊತೆಯಲ್ಲೇ ಬರುತ್ತಿದ್ದರು.

ಇವತ್ತು ಇಬ್ಬರೂ ಬಂದು ನನ್ನ ಬಾಯಿಗೆ ಮೈಸೂರುಪಾಕು ತುರುಕಿದರು. ನಕ್ಕು ನಕ್ಕು ಸುಸ್ತಾದೆವು. ಹೊರಡುವಾಗ ದಾಕ್ಷಾಯಿಣಿ ಕೇಳಿದಳು: "ಅವತ್ತು ಅಂಗೆ ಕೇಳ್ಬೇಕು ಅಂತ ನಿಮ್ಗೆಂಗೆ ಗೊತ್ತಾಯ್ತು ಮಿಸ್?"

ಗೋಡೆಯ ಮೇಲಿದ್ದ ನಿನ್ನ ಫೋಟೋ ತೋರಿಸಿದೆ. "ನಮ್ಮಕ್ಕ. ಆಗ ಹದಿನಾರು ವರ್ಷ. ಅವಳನ್ನ ಯಾರೂ ಕೇಳಲಿಲ್ಲ."

"ಅಕ್ಕಂಗೂ ಒಂದಿರ್ಲಿ," ಎಂದು ಅವಳು ನಿನ್ನ ಮುಂದೆ ದೊಡ್ಡ ತುಂಡೊಂದನ್ನು ಇಟ್ಟು ಹೋದಳು.

ನಿನ್ನ ತಂಗಿ,
ರಂಗನಾಯಕಿ