ಎಡಗಡೆಯ ಪೆಟ್ಟಿಗೆ

ಆಸ್ಪತ್ರೆಯ ಲಾಂಡ್ರಿ, ಬಟ್ಟೆ ಮಡಿಸುವ ಮೇಜು
ಶನಿವಾರ, ಊಟದ ಬಿಡುವು

ನನ್ನ ಮೊಂಡಿಗೆ,

ಮೊದಲೇ ಹೇಳಿಬಿಡುತ್ತೇನೆ, ಇದು ಸಮಾಧಾನದ ಕಾಗದ ಅಲ್ಲ. ಬಯ್ಯುವುದಕ್ಕೇ ಬರೆಯುತ್ತಿದ್ದೇನೆ. ಮಂಗಳವಾರ ಗಾಜಿನ ಆಚೆ ನೀನು ಫೋನು ಕುಕ್ಕಿ, ಗೋಡೆ ಕಡೆ ತಿರುಗಿ ಮಲಗಿದೆಯಲ್ಲ, ಆಗ ನನ್ನ ಬಾಯಲ್ಲಿ ಇನ್ನೂ ಅರ್ಧ ಮಾತು ಉಳಿದಿತ್ತು. ನಾಲ್ಕು ದಿನದಿಂದ ಅದನ್ನು ಹೊತ್ತು ತಿರುಗುತ್ತಿದ್ದೇನೆ. ಗಾಜು ಬಡಿದರೆ ವಾರ್ಡಿನವರು ಹೊರಗೆ ಕಳಿಸುತ್ತಾರೆ. ಕಾಗದವಾದರೆ ನೀನು ಬೆನ್ನು ತಿರುಗಿಸಿದರೂ ಅಲ್ಲೇ ಬಿದ್ದಿರುತ್ತದೆ. ಆ ಗುಂಡು ಮುಖದ ನರ್ಸಮ್ಮ ಇದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆಲ್ಲ ಔಷಧಿ ನೀರಿನಲ್ಲಿ ಒರೆಸಿ ಒಳಗೆ ಕೊಡುತ್ತೇನೆ ಅಂದಿದ್ದಾಳೆ. ಎರಡು ಪುಟ ಮೀರಬೇಡಿ ಅಮ್ಮಾ, ಅವಳಿಗೆ ಸುಸ್ತಾಗುತ್ತದೆ ಅಂದಳು. ಮೀರುತ್ತೇನೆ. ಆಗಲಿ ಸುಸ್ತು.

ಅಕ್ಷರ ನೋಡಿ ನಗಬೇಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ ಹೀಗೇ ಇರುವುದು. ಒಂದೊಂದೂ ಒಂದೊಂದು ದಿಕ್ಕಿಗೆ ಓಡುತ್ತದೆ, ಕುರಿಮಂದೆಗೆ ನಾಯಿ ನುಗ್ಗಿದ ಹಾಗೆ ಅಂತ ನೀನೇ ಹಂಗಿಸುತ್ತಿದ್ದೆ. ಈ ಬರವಣಿಗೆ ಸಾವಿರದಲ್ಲಿ ಬಿದ್ದರೂ ಗುರುತು ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸಿಗಲಿ.

ಡಾಕ್ಟರು ಬರುವ ಸೋಮವಾರ ಹತ್ತು ಗಂಟೆಯವರೆಗೆ ಕಾಯುತ್ತಾರಂತೆ. ಮೊದಲ ಸುತ್ತಿನ ಔಷಧಿ ನಿನ್ನ ರಕ್ತಕ್ಕೆ ಹಿಡಿಯಲಿಲ್ಲ. ಎರಡನೇ ಸುತ್ತು ಅದಕ್ಕಿಂತ ಬಿರುಸು. ತಡೆದುಕೊಂಡರೆ ಉಳಿಯುವುದು ಅರ್ಧಕ್ಕರ್ಧ. ಹೋದ ಶನಿವಾರ ನನಗೂ ಇದನ್ನೇ ಹೇಳಿದರು, ನಿನಗೂ ಇದನ್ನೇ ಹೇಳಿದರು. ಈ ಸೋಮವಾರ ನೀನು ಅದಕ್ಕೆ ಸಹಿ ಹಾಕಲ್ಲ, ಮನೆಗೆ ಕಳಿಸಿ ಅಂದೆಯಂತೆ. ಅರ್ಧಕ್ಕರ್ಧ ಅಂದರೆ ನಿನಗೆ ಕಡಿಮೆಯಾಯಿತೇನೇ? ಆರು ವರ್ಷ ನೀನು ಓಡಿಸಿದ ಆ ಡಕೋಟಾ ಬಸ್ಸಿನ ಬ್ರೇಕು ಇದಕ್ಕಿಂತ ಕಡೆಯಾಗಿತ್ತು. ಅದನ್ನು ನಂಬಿ ದಿನಾ ಐವತ್ತು ಜನರನ್ನು ಕೂರಿಸಿಕೊಂಡು ಇಳಿಜಾರು ಇಳಿಯುತ್ತಿದ್ದೆ. ಈಗ ನಿನ್ನೊಬ್ಬಳನ್ನು ಕೂರಿಸಿಕೊಂಡು ಹೋಗುವುದಕ್ಕೆ ಆಗುವುದಿಲ್ಲವಾ?

ಯಾಕೆ ಬೇಡ ಅಂತ ಮಂಗಳವಾರ ಕೇಳಿದರೆ ಮೊದಲು ನೀನು ನಕ್ಕೆ. ಇಡೀ ಚರ್ಚು ಎದ್ದು ನಿಂತು ನನ್ನ ಆತ್ಮಕ್ಕೆ ಶಾಂತಿ ಕೋರಿದೆಯಂತೆ, ಅಷ್ಟು ಜನ ಸೇರಿ ಕಳಿಸಿಕೊಟ್ಟ ಮೇಲೂ ಇಲ್ಲೇ ಕೂತಿದ್ದರೆ ಮರ್ಯಾದೆಯಾ ಅಂದೆ. ಆಮೇಲೆ ನಗು ನಿಲ್ಲಿಸಿ, ಅಮ್ಮಾ, ಅದನ್ನು ಕೇಳಿದ ಮೇಲೆ ನನ್ನ ಕೈಲಿ ಆಗುತ್ತಿಲ್ಲ ಅಂದೆ. ಆಗ ನಾನು, ಸಾಯೋದಾದರೆ ಸಾಯಿ ಅಂದೆ. ಹೌದು, ಅಂದೆ. ಹೆತ್ತವಳು ಆಡುವ ಮಾತಲ್ಲ ಅಂತ ಪಕ್ಕದ ರೂಮಿನ ರೋಗಿಯ ಅತ್ತೆ ನನಗೆ ಬುದ್ಧಿ ಹೇಳಿದಳು. ಅವಳಿಗೂ ಎರಡು ಬೈಗುಳ ಕೊಟ್ಟು ಬಂದೆ.

ಆ ಸುದ್ದಿ ನಿನ್ನ ಕಿವಿಗೆ ಹಾಕಿದ್ದು ನಿನ್ನ ಚಿಕ್ಕಮ್ಮ. ನನ್ನ ತಂಗಿಯೇ ಆದರೂ ಹೇಳುತ್ತೇನೆ, ಅವಳ ಬಾಯಿಗೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ಭಾನುವಾರ ಚರ್ಚಿನ ಪೂಜೆ ಮುಗಿದು ಅರ್ಧ ಗಂಟೆಯೊಳಗೆ ನಿನಗೆ ಫೋನು ಮಾಡಿದ್ದಾಳೆ. ನೀನು ನಗಲಿ ಅಂತ ಹೇಳಿದಳಂತೆ. ಆಸ್ಪತ್ರೆಯಲ್ಲಿ ಮಲಗಿದವಳಿಗೆ ಇಂಥ ತಮಾಷೆ!

ಅಲ್ಲಿ ಏನಾಯಿತು ಅಂತ ನನ್ನ ಬಾಯಿಂದ ಕೇಳು. ನಮ್ಮ ಚರ್ಚಿನ ಬಾಗಿಲ ಒಳಗೆ ಎರಡು ಮರದ ಪೆಟ್ಟಿಗೆ ಇರುವುದು ನಿನಗೆ ಗೊತ್ತಲ್ಲ. ಎಡಗಡೆಯದು ಕಾಯಿಲೆಯವರಿಗೆ, ಬಲಗಡೆಯದು ಅಗಲಿದವರಿಗೆ. ಪೂಜೆಗೆ ಮೊದಲು ಚೀಟಿಯಲ್ಲಿ ಹೆಸರು ಬರೆದು ಹಾಕಿದರೆ, ಉಪದೇಶಿ ಅವನ್ನು ತೆಗೆದು ಓದುತ್ತಾನೆ, ನಾವೆಲ್ಲ ಎದ್ದು ಪ್ರಾರ್ಥಿಸುತ್ತೇವೆ. ಹನ್ನೊಂದು ವರ್ಷದಿಂದ ನಾನು ಪ್ರತಿ ವಾರ ಬಲಗಡೆಗೆ ನಿಮ್ಮಪ್ಪನ ಹೆಸರು ಹಾಕುತ್ತಿದ್ದೇನೆ. ನಿನ್ನ ಕಾಯಿಲೆ ಶುರುವಾದ ಮೇಲೆ ಎಡಗಡೆಗೆ ನಿನ್ನದು. ಹೋದ ಭಾನುವಾರ ಆ ಉಪದೇಶಿ ಕನ್ನಡಕ ಏರಿಸಿಕೊಂಡು ಕಾಯಿಲೆಯವರ ಹೆಸರು ಓದಿದ. ನಿನ್ನದು ಬರಲಿಲ್ಲ. ಆಮೇಲೆ ಅಗಲಿದವರ ಹೆಸರು ತೆಗೆದ. ನಿಮ್ಮಪ್ಪನ ಹೆಸರು ಬಂತು. ಅದರ ಬೆನ್ನಿಗೇ ನಿನ್ನದು. ಅದನ್ನು ಓದುವ ಮೊದಲು ಅವನು ಕನ್ನಡಕ ತೆಗೆದು ಒರೆಸಿಕೊಂಡ ಬೇರೆ. ಇವರಿಗೆ ನಿತ್ಯ ವಿಶ್ರಾಂತಿ ಕೊಡು ಅಂತ ಇನ್ನೂರು ಜನ ಒಂದೇ ಉಸಿರಿನಲ್ಲಿ ಹೇಳಿದರು.

ನಾನು ಬೆಂಚಿನ ಮೇಲಿಂದ ಎದ್ದು ಕಿರುಚಿದೆ. ನನ್ನ ಮಗಳು ಬದುಕಿದ್ದಾಳೆ ಅಂತ. ಹಾಡುವವರು ಬಾಯಿ ತೆರೆದವರು ಹಾಗೇ ನಿಂತರು. ಫಾದರ್ ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು. ನಾನು ಸೀದಾ ಮುಂದೆ ಹೋಗಿ ಉಪದೇಶಿಯ ಕೈಯಿಂದ ಪ್ರಾರ್ಥನೆಯ ಹಾಳೆ ಕಿತ್ತುಕೊಂಡು, ನಿನ್ನ ಕಣ್ಣು ಬೆನ್ನ ಹಿಂದೆ ಇದೆಯಾ, ಎಡ ಯಾವುದು ಬಲ ಯಾವುದು ಅಂತ ತಿಳಿಯದವನನ್ನು ದೇವರ ಮನೆಯಲ್ಲಿ ಯಾಕೆ ಇಟ್ಟುಕೊಂಡಿದ್ದಾರೆ ಅಂದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯುವುದಿಲ್ಲ. ಅವನು ಚೀಟಿಗಳನ್ನು ಒಟ್ಟುಮಾಡಿ ಜೇಬಿಗೆ ಹಾಕಿಕೊಂಡ. ಕೊನೆಗೆ, ನನ್ನದೇ ತಪ್ಪು ಅಕ್ಕಾ ಅಂದ. ಅಷ್ಟೇ. ಪ್ರತಿ ವಾರದ ಹಾಗೆ ಗುರುವಾರ ಚರ್ಚಿನ ಪೀಠದ ಬಟ್ಟೆಗಳನ್ನು ಒಗೆಯುವುದಕ್ಕೆ ಹಾಕಲು ನಮ್ಮ ಲಾಂಡ್ರಿಗೆ ಬಂದಿದ್ದ. ನಾನು ಮುಖ ಕೊಟ್ಟು ಮಾತಾಡಲಿಲ್ಲ. ಗಂಟು ಇಟ್ಟು ಹೋದ.

ಪ್ರಾರ್ಥನಾ ಕೂಟದ ಹೆಂಗಸರು ಬುಧವಾರ ನಾಲ್ಕು ಜನ ಮನೆಗೆ ಬಂದರು. ನನ್ನ ಮನಸ್ಸಿಗೆ ನೆಮ್ಮದಿ ಸಿಗಲಿ ಅಂತ ಮೊಣಕಾಲೂರಿದರು. ಆ ಹೂವಿನಂಗಡಿಯವಳು, ದೇವರು ಯಾರನ್ನು ಹೆಚ್ಚು ಪ್ರೀತಿಸುತ್ತಾನೋ ಅವರನ್ನೇ ಪರೀಕ್ಷೆ ಮಾಡುತ್ತಾನೆ ಅಂದಳು. ಹಾಗಾದರೆ ನಿನ್ನನ್ನು ಕಂಡರೆ ಅವನಿಗೆ ಅಷ್ಟು ಯಾಕೆ ಅಸಹ್ಯ, ನಿನ್ನ ಮೂರು ಮಕ್ಕಳೂ ಗೂಳಿಗಳ ಹಾಗೆ ಇವೆಯಲ್ಲ ಅಂದೆ. ಚಹಾ ಕುಡಿಯದೆ ಎದ್ದು ಹೋದರು. ನಾಲ್ಕು ಲೋಟ ಚಹಾ ನಾನೇ ಕುಡಿದೆ.

ನಾನು ದೇವರನ್ನು ಬಿಟ್ಟಿದ್ದೇನೆ ಅಂತ ಅವರು ಹೊರಗೆ ಹೇಳಿಕೊಂಡು ತಿರುಗುತ್ತಿದ್ದಾರಂತೆ. ಬಿಟ್ಟಿಲ್ಲ. ಬಿಟ್ಟರೆ ಬಯ್ಯುವುದು ಯಾರನ್ನು? ದಿನಾ ಬೆಳಗ್ಗೆ ಶಿಲುಬೆಯ ಮುಂದೆ ನಿಂತು ಕೇಳುತ್ತೇನೆ. ಹನ್ನೊಂದು ವರ್ಷದ ಹಿಂದೆ ಒಬ್ಬರನ್ನು ಕರೆದುಕೊಂಡೆ, ಆಗ ನಾನು ಸೊಲ್ಲೆತ್ತಲಿಲ್ಲ. ನಿನಗೆ ಅದೇ ರೂಢಿಯಾಯಿತಾ, ಈ ಹೆಂಗಸು ತಲೆಬಗ್ಗಿಸಿ ಕೊಟ್ಟುಬಿಡುತ್ತಾಳೆ ಅಂದುಕೊಂಡೆಯಾ ಅಂತ. ಜಪಸರ ಕೈಯಲ್ಲಿ ಹಿಡಿದರೆ ಒಂದು ಮಣಿಗೆ ಒಂದು ಬೈಗುಳ. ಅವನಿಗೆ ಇದು ಪ್ರಾರ್ಥನೆ ಅಲ್ಲ ಅನ್ನಿಸಿದರೆ ಬಂದು ಹೇಳಲಿ.

ನೀನು ಒಳಗೆ ಒಬ್ಬಳೇ ಇದ್ದೇನೆ ಅಂತ ಅಂದುಕೊಂಡಿದ್ದೀಯ. ನಿನ್ನ ವಾರ್ಡಿನ ಬಟ್ಟೆ ಬರುವುದು ಎಲ್ಲಿಗೆ? ಕೆಂಪು ಚೀಲದಲ್ಲಿ, ರೂಮಿನ ನಂಬರು ಕಟ್ಟಿಕೊಂಡು, ನನ್ನ ಮೇಜಿಗೆ. ಮೂರನೇ ವಾರ ನಿನ್ನ ದಿಂಬಿನ ಕವರಿನಲ್ಲಿ ಕೂದಲು ಬಂತು. ಎಣ್ಣೆ ಹಚ್ಚಿ, ಎಳೆದು ಎಳೆದು ಜಡೆ ಹೆಣೆದ ಕೂದಲು ನನಗೆ ಗೊತ್ತಾಗುವುದಿಲ್ಲವಾ? ಜೊತೆಯವಳು ಕೈಗವಸು ಹಾಕಿಕೋ ಅಕ್ಕಾ ಅಂದಳು, ಹಾಕಿಕೊಳ್ಳಲಿಲ್ಲ. ಅಲ್ಲಿಂದ ಈಚೆಗೆ ನಿನ್ನ ಹಾಸಿಗೆಯ ಚಾದರವನ್ನು ಇಸ್ತ್ರಿ ಯಂತ್ರಕ್ಕೆ ಬೇರೆ ಯಾರೂ ಹಾಕುವ ಹಾಗಿಲ್ಲ. ಉರುಳೆಯಿಂದ ಬರುವಾಗ ಕೈ ಸುಡುತ್ತದೆ, ಆ ಬಿಸಿಯಲ್ಲೇ ಮೂಲೆಗೆ ಮೂಲೆ ಸೇರಿಸಿ ಮಡಿಸುತ್ತೇನೆ. ಒಂದು ಸುಕ್ಕು ಇದ್ದರೂ ಮತ್ತೆ ಹಾಕುತ್ತೇನೆ. ನೀನು ಬೆನ್ನು ತಿರುಗಿಸಿದೆಯಲ್ಲ, ಆ ಬೆನ್ನ ಕೆಳಗೆ ಇದ್ದದ್ದು ನನ್ನ ಕೈ ಕಣೇ.

ಇಷ್ಟೇ. ಸೋಮವಾರ ಹತ್ತು ಗಂಟೆಗೆ ಸಹಿ ಹಾಕು. ಒಬ್ಬ ಉಪದೇಶಿಯ ಕಣ್ಣು ಮಂಜಾಯಿತು ಅಂತ ಯಾರೂ ಸಾಯಬೇಕಾಗಿಲ್ಲ. ಗಂಜಿ ಕುಡಿಯುತ್ತಿಲ್ಲವಂತೆ, ಕುಡಿ. ಉಪ್ಪಿಲ್ಲ ಅಂತ ಮೂತಿ ತಿರುಗಿಸಬೇಡ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿನ್ನ ಅಮ್ಮ

ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ಕವರಿಗೆ ಅಂಟು ಹಚ್ಚಿ ಆಗಿತ್ತು. ಬಿಡುವು ಮುಗಿದ ಗಂಟೆಯೂ ಹೊಡೆಯಿತು. ಮೇಸ್ತ್ರಿ ಎರಡು ಸಲ ಕೂಗಿದ, ಕೂಗಲಿ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳು ಇದೆ. ಸುಳ್ಳು ಹೇಳಿ ಸಹಿ ಹಾಕಿಸಿಕೊಂಡರೆ ಈ ಔಷಧಿಯೂ ಹಿಡಿಯಲಿಕ್ಕಿಲ್ಲ ಅಂತ ನನಗೆ ಹೆದರಿಕೆ.

ಉಪದೇಶಿಯ ಕಣ್ಣಿಗೆ ಏನೂ ಆಗಿಲ್ಲ. ಹೋದ ಶನಿವಾರ ಡಾಕ್ಟರ ಮಾತು ಕೇಳಿಸಿಕೊಂಡು ಕೆಲಸಕ್ಕೆ ಬಂದೆ. ನಿನ್ನ ಚೀಲ ಬಿಚ್ಚಿದರೆ ದಿಂಬಿನ ಕವರಿನ ತುಂಬ ರಕ್ತ. ಮೂರು ಸಲ ಕುದಿಸಿದರೂ ಅಂಚು ಹೋಗಲಿಲ್ಲ. ಮರುದಿನ ಬೆಳಗ್ಗೆ ಪೆಟ್ಟಿಗೆಗಳ ಮುಂದೆ ನಿಂತೆ. ನಿಮ್ಮಪ್ಪನ ಹೆಸರು ಬರೆದೆ. ಅದೇ ಚೀಟಿಯಲ್ಲಿ, ಅದರ ಕೆಳಗೆ, ನಿನ್ನ ಹೆಸರು ಬರೆದೆ. ಬಲಗಡೆಗೆ ಹಾಕಿದೆ. ರೂಢಿಯಿಂದ ಕೈ ಆ ಕಡೆ ಹೋಯಿತು ಅಂತ ಹೇಳಿಬಿಡಬಹುದು, ಯಾರೂ ನಂಬದೆ ಇರುವುದಿಲ್ಲ. ಕೈ ಹೋಗಲಿಲ್ಲ. ನಾನು ಹಾಕಿದೆ. ಇನ್ನು ನೋಡಲಾರೆ, ತೆಗೆದುಕೊಳ್ಳುವುದಾದರೆ ಬೇಗ ತೆಗೆದುಕೋ ದೇವರೇ, ಅಪ್ಪ ಮಗಳಿಬ್ಬರೂ ಒಟ್ಟಿಗೆ ಇರಲಿ ಅಂದುಕೊಂಡು ಹಾಕಿದೆ. ಉಪದೇಶಿ ನನ್ನ ಅಕ್ಷರ ನೋಡಿ, ನೀನು ಆ ಬೆಳಗ್ಗೆಯೇ ಹೋದೆ ಅಂತ ನಂಬಿದ್ದಾನೆ. ಅದಕ್ಕೇ ಕನ್ನಡಕ ಒರೆಸಿಕೊಂಡದ್ದು.

ಬರೆದಾಗ ಏನೂ ಅನ್ನಿಸಲಿಲ್ಲ. ಇನ್ನೂರು ಜನರ ಬಾಯಿಂದ ಕೇಳಿದಾಗ ಮೈಗೆ ಬೆಂಕಿ ಬಿತ್ತು. ಬದುಕಿದ್ದಾಳೆ ಅಂತ ಕಿರುಚಿದೆನಲ್ಲ, ಅದೊಂದು ಮಾತ್ರ ನಿಜ. ಅದನ್ನು ಕಿರುಚಿದ್ದು ಉಪದೇಶಿಗಲ್ಲ.

ಗುರುವಾರ ಅವನು ತಂದ ಗಂಟು ಬಿಚ್ಚಿದರೆ ಪೀಠದ ಬಟ್ಟೆಯ ಮಡಿಕೆಯಲ್ಲಿ ನನ್ನ ಚೀಟಿ ಇತ್ತು. ಅವನು ಅದನ್ನು ಯಾರಿಗೂ ತೋರಿಸಿಲ್ಲ. ನನ್ನ ಮಾನ ಕಾಯಲು ಅವನು ಯಾರು? ನಾಳೆ ಪೂಜೆಯಲ್ಲಿ ಹೆಸರು ಓದುವ ಮೊದಲು ನಾನೇ ಎದ್ದು ನಿಂತು ಹೇಳುತ್ತೇನೆ, ಹೂವಿನಂಗಡಿಯವಳೂ ಕಿವಿತುಂಬ ಕೇಳಲಿ. ಆಮೇಲೆ ನಿನ್ನ ಹೆಸರು ಎಡಗಡೆಗೆ.

ಆ ಹಳೆ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ, ಬಟ್ಟೆಗೆ ಗುರುತು ಹಾಕುವ ನನ್ನ ಪೆನ್ಸಿಲಿನ ತುಂಡನ್ನೂ ಇಟ್ಟಿದ್ದೇನೆ. ಎಷ್ಟು ಒಗೆದರೂ ಹೋಗದ ಬಣ್ಣ ಅದು. ನಿಮ್ಮಪ್ಪನ ಹೆಸರು ಹಾಗೇ ಇರಲಿ. ನಿನ್ನದನ್ನು ನಾನು ಹೊಡೆದುಹಾಕಿದರೆ ಲೆಕ್ಕಕ್ಕಿಲ್ಲ, ಬರೆದವಳೇ ನಾನು. ನೀನು ಹೊಡೆದುಹಾಕು. ಸೋಮವಾರ ಒಂಬತ್ತೂವರೆಗೆ ಗಾಜಿನ ಈಚೆ ನಿಂತಿರುತ್ತೇನೆ. ಫೋನು ಎತ್ತಬೇಡ, ಮಾತು ಬೇಡ. ಚೀಟಿಯನ್ನು ಗಾಜಿಗೆ ಒತ್ತಿ ತೋರಿಸು.