ಕನ್ನಡಿಯ ಎದುರಿನ ಕುರ್ಚಿ

ಟೆರೆಲ್, ನನ್ನ ಮಗನೇ,

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಿದ್ದರೂ ನನಗೆ ಹೇಳಲು ಬಾಯಿ ಬರುತ್ತಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಕತ್ತರಿ ಹಿಡಿದ ಕೈ ಇದು, ಪೆನ್ನು ಹಿಡಿದರೆ ಮಾತು ಕೇಳುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಡ್ರಾಫ್ಟ್ ನಡೆದ ಆ ಮೂರು ದಿನ ನಮ್ಮ ಮನೆ ಹೇಗಿತ್ತೆಂದು ನಿನಗೆ ನೆನಪಿಸಬೇಕಾಗಿಲ್ಲ. ಟಿವಿಯಲ್ಲಿ ಫುಟ್‌ಬಾಲಿನ ದೊಡ್ಡ ತಂಡಗಳು ತಮಗೆ ಬೇಕಾದ ಕಾಲೇಜು ಹುಡುಗರನ್ನು ಆರಿಸಿ ಒಂದೊಂದಾಗಿ ಹೆಸರು ಕೂಗುತ್ತಿದ್ದವು. ನಿನ್ನ ಅಮ್ಮ ಅಡುಗೆಮನೆಯಲ್ಲಿ ಮೀನು ಕರಿದದ್ದೇ ಕರಿದದ್ದು. ಪಾದ್ರಿಯಿಂದ ಹಿಡಿದು ಪೆಟ್ರೋಲ್ ಬಂಕಿನವನವರೆಗೆ ಅರ್ಧ ಊರು ನಮ್ಮ ಹಾಲಿನಲ್ಲಿ ಸೇರಿತ್ತು. ನೀನು ಇಸ್ತ್ರಿ ಅಂಗಿ ತೊಟ್ಟು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಿನ್ನ ಅರ್ಧದಷ್ಟೂ ಚೆಂಡು ಎಸೆಯಲು ಬಾರದ ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ಬಂತು, ನಿನ್ನದು ಬರಲಿಲ್ಲ. ಕೊನೆಯ ಹೆಸರೂ ಮುಗಿದ ಮೇಲೆ ಜನ ಉಳಿದ ಮೀನನ್ನು ಕಾಗದದಲ್ಲಿ ಕಟ್ಟಿಕೊಂಡು, ನಮ್ಮ ಮುಖ ನೋಡದೆ ಎದ್ದುಹೋದರು. "ಎಲ್ಲಾ ಮುಗಿದು ಹೋದ ಕಥೆ ಅಪ್ಪಾ, ಯಾರೋ ಚಾಡಿ ಹೇಳಿದ್ದಾರೆ" ಎಂದು ಹಲ್ಲು ಕಡಿದು ನೀನು ಅಟ್ಲಾಂಟಾದ ಬಸ್ಸು ಹಿಡಿದೆ, ನಿನ್ನನ್ನು ತಂಡಕ್ಕೆ ಸೇರಿಸುತ್ತೇನೆಂದ ಆ ನಿನ್ನ ಏಜೆಂಟನ ಮನೆಗೆ.

ಚಾಡಿ ಹೇಳಿದವನು ನಾನು.

ಮಾರ್ಚ್‌ನಲ್ಲಿ ಒಬ್ಬ ಹೊಸಬ ಅಂಗಡಿಗೆ ಬಂದ. ದಾರಿಹೋಕನೆಂದು ಹೇಳಿಕೊಂಡು ಕುರ್ಚಿಯಲ್ಲಿ ಕೂತ. ತಲೆ ನೋಡಿದೆ. ವಾರದ ಹಿಂದಷ್ಟೇ ಯಾರೋ ಚೆನ್ನಾಗಿ ಕತ್ತರಿಸಿದ್ದರು, ನನಗೆ ಅಲ್ಲಿ ಕೆಲಸವೇ ಇರಲಿಲ್ಲ. ತಂಡಗಳ ಪರವಾಗಿ ವಿಚಾರಿಸಲು ಬಂದವನೆಂದು ಆಗಲೇ ತಿಳಿಯಿತು. ತಂಡಗಳವರು ಹುಡುಗನ ತೋಳನ್ನು ಮೈದಾನದಲ್ಲಿ ನೋಡುತ್ತಾರೆ, ನಡತೆಯನ್ನು ಕ್ಷೌರದಂಗಡಿಯಲ್ಲಿ ವಿಚಾರಿಸುತ್ತಾರೆ. ಇಂಥವನು ಬರುತ್ತಾನೆಂದು ಏಜೆಂಟ್ ನನಗೆ ಮೊದಲೇ ಬಾಯಿಪಾಠ ಮಾಡಿಸಿದ್ದ: "ನನ್ನ ಮಗ ಈಗ ಬೇರೆ ಮನುಷ್ಯನೇ ಆಗಿದ್ದಾನೆ ಸರ್. ಭಾನುವಾರ ಚರ್ಚು ತಪ್ಪಿಸಲ್ಲ. ಮಾಡಿದ್ದಕ್ಕೆ ದಿನಾ ಕೊರಗ್ತಾನೆ." ಖಾಲಿ ಕುರ್ಚಿಗೆ ಬಟ್ಟೆ ಹೊದಿಸಿ ಎಷ್ಟು ಸಲ ಒಪ್ಪಿಸಿದ್ದೆನೋ.

ಅವನು ಕೇಳಿದ. "ನಿಮ್ಮ ಹುಡುಗ ಆ ಕಾರಿನ ವಿಚಾರದಲ್ಲಿ ಸುಳ್ಳು ಹೇಳಿದ್ನಲ್ಲ. ಈಗ ಬದಲಾಗಿದ್ದಾನಾ?"

ನಾನು ಬಾಯಿ ತೆರೆದೆ. ಎದುರಿಗೆ ಕನ್ನಡಿ. ಅದರಲ್ಲಿ ಅವನ ಮುಖ, ಅದರ ಮೇಲೆ ನನ್ನ ಮುಖ. ಎರಡು ವರ್ಷದ ಹಿಂದೆ ಇದೇ ಮುಖ ಇದೇ ಕನ್ನಡಿಯಲ್ಲಿ ಊರಿಗೆಲ್ಲ ಏನು ಹೇಳಿತ್ತು ಎಂಬುದು ನೆನಪಾಯಿತು.

ಆಟ ಗೆದ್ದ ಸಂಭ್ರಮದಲ್ಲಿ ಕುಡಿದು ಕಾರು ಓಡಿಸಿದವನು ನೀನು. ಅಪಘಾತವಾಗಿ, ಪಕ್ಕದಲ್ಲಿ ಕೂತಿದ್ದ ನಿನ್ನ ಗೆಳೆಯ ಬೂನ್‌ನ ಸೊಂಟ ಮುರಿಯಿತು. ಅವನು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ ನೀನು ಪೊಲೀಸರಿಗೂ ನನಗೂ ಹೇಳಿದ್ದು ಒಂದೇ: "ಬೂನ್ ಓಡಿಸ್ತಿದ್ದ." ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ನಂಬಿದೆ. ನಂಬಿ ಸುಮ್ಮನಿದ್ದೆನೇ? ಕುರ್ಚಿಗೆ ಬಂದ ತಲೆತಲೆಗೂ ಹೇಳಿದೆ. ಆ ಹುಡುಗ ಸಣ್ಣಂದಿನಿಂದ ಮೈದಾನದಲ್ಲಿ ನಿನ್ನ ಮುಂದೆ ಬಗ್ಗಿ ನಿಂತವನು. ಕಾಲ ಸಂದಿಯಿಂದ ಚೆಂಡನ್ನು ನಿನ್ನ ಕೈಗೆ ಕೊಟ್ಟು, ನಿನ್ನ ಮೈಮೇಲೆ ಬೀಳಬೇಕಾದ ಏಟುಗಳನ್ನೆಲ್ಲ ತಾನು ತಿಂದವನು. ಮಾಡದ ತಪ್ಪನ್ನೂ ಅವನ ತಲೆಗೇ ಕಟ್ಟಿದೆವಲ್ಲ, ಅಪ್ಪ ಮಗ ಸೇರಿ! ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಸ್ಟೀರಿಂಗ್ ಹಿಡಿದ ನಿನ್ನ ಮುಖ ಸಿಗುವವರೆಗೆ ಊರು ಅವನನ್ನು ಬೈಯಿತು. ನಿನ್ನನ್ನು ಒಂದು ವರ್ಷ ಆಡಿಸಲಿಲ್ಲ, ಆಮೇಲೆ ನಿನ್ನ ಎಸೆತ ನೋಡಿ ಎಲ್ಲರೂ ಮರೆತರು. ಬೂನ್ ಈಗಲೂ ಕೋಲು ಹಿಡಿದೇ ನಡೆಯುತ್ತಾನೆ.

ಹಾಗಾಗಿ ಬಾಯಿಪಾಠ ಒಪ್ಪಿಸಲಿಲ್ಲ. "ಗೊತ್ತಿಲ್ಲ ಸರ್" ಎಂದೆ. "ಆ ಹುಡುಗನ ಮನೆ ಇಲ್ಲೇ, ಮೂರನೇ ಬೀದಿ. ನನ್ನ ಮಗ ಇನ್ನೂ ಆ ಬಾಗಿಲು ತಟ್ಟಿಲ್ಲ."

ಅವನು ಕುತ್ತಿಗೆ ಒರೆಸಿಕೊಂಡು ಎದ್ದ. "ಡ್ರಾಫ್ಟ್ ಮುಗಿದ್ಮೇಲೂ ತಂಡಗಳು ಹುಡುಗರನ್ನ ಕರೀತಾವೆ ಯಜಮಾನ್ರೇ. ಜುಲೈನಲ್ಲಿ ಮತ್ತೆ ಬರ್ತೀನಿ. ಇದನ್ನೇ ಕೇಳ್ತೀನಿ" ಎಂದು ಹೋದ.

ನಿನ್ನ ಅಮ್ಮನಿಗೆ ಹೇಳಿದ್ದು ನೀನು ಅಟ್ಲಾಂಟಾಕ್ಕೆ ಹೋದ ಮೇಲೆ. "ಊರವರ ಕುತ್ತಿಗೆ ಮೇಲೆ ಅಷ್ಟು ವರ್ಷ ಕತ್ತಿ ಆಡಿಸಿ ಒಂದು ಗೀರು ಮಾಡ್ಲಿಲ್ಲ. ಕುಯ್ಯಕ್ಕೆ ನಿಮಗೆ ಮಗನ ಕುತ್ತಿಗೆನೇ ಬೇಕಿತ್ತಾ?" ಎಂದಳು. ಅಲ್ಲಿಂದೀಚೆಗೆ ಊಟದ ತಟ್ಟೆ ಕುಕ್ಕಿ ಹೋಗುತ್ತಾಳೆ. ಅವಳದ್ದು ತಪ್ಪೆನ್ನಲಾರೆ. ನಾನೇನು ಸತ್ಯವಂತನೆಂದು ಎದೆ ಉಬ್ಬಿಸಿಕೊಂಡು ಬರೆಯುತ್ತಿಲ್ಲ ಮಗನೇ. ನೀನು ಬಾಗಿಲು ತಟ್ಟಲಿಲ್ಲ ಎಂದು ಪರರಿಗೆ ಹೇಳಿದೆನಲ್ಲ, ನಾನು ತಟ್ಟಿದ್ದೆನೇ? ಬೂನ್‌ನ ತಾಯಿ ಎದುರು ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವವನು ನಾನು. ನಾಚಿಕೆ ಎಂಬುದು ಅಷ್ಟು ಹೇಡಿ ಮಾಡಿಬಿಡುತ್ತದೆ.

ಕಳೆದ ಶನಿವಾರ ಬೂನೇ ಬಂದ. ಎರಡು ವರ್ಷದಲ್ಲಿ ಮೊದಲ ಸಲ. ಕೋಲಿನ ಸದ್ದಿಗೆ ಅಂಗಡಿಯಲ್ಲಿ ಹರಟುತ್ತಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಕುರ್ಚಿಯಲ್ಲಿ ಕಷ್ಟಪಟ್ಟು ಕೂತ. ನಾನು ಬಟ್ಟೆ ಹೊದಿಸಿದೆ. "ಅಂಕಲ್, ಟೆರೆಲ್‌ಗೆ ಯಾರಾದ್ರೂ ಫೋನ್ ಮಾಡಿದ್ರಾ?" ಎಂದು ಕೇಳಿದ. ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದ. ಇಲ್ಲ ಎಂದೆ. ಅಲ್ಲಿಗೆ ನನ್ನ ಕೈಲಿ ತಡೆಯಲಾಗಲಿಲ್ಲ. ಎಲ್ಲರ ಎದುರಿಗೆ, "ನಾನು ನಿನ್ನ ಹೆಸರು ಕೆಡಿಸಿದೆ ಬೂನ್, ಕ್ಷಮಿಸಪ್ಪಾ" ಎಂದು ಅತ್ತುಬಿಟ್ಟೆ.

"ನಿಮ್ದು ಆಯ್ತು ಬಿಡಿ ಅಂಕಲ್" ಎಂದ. "ಇನ್ನೊಬ್ಬ ಬಾಕಿ ಇದಾನೆ."

ಆಮೇಲೆ ತಾನೇ ಹೇಳಿದ: "ಅವನ ಆಟ ಒಂದೂ ಬಿಡದೆ ಟಿವಿಲಿ ನೋಡಿದೀನಿ. ಅವನ ಎಸೆತದಲ್ಲಿ ಒಂದು ತಪ್ಪು ಸೇರ್ಕೊಂಡಿದೆ. ನಾನು ಮುಂದೆ ನಿಂತಿದ್ದಾಗ ಇರ್ಲಿಲ್ಲ. ತಂಡಗಳೋರ ಕಣ್ಣಿಗೂ ಬಿದ್ದಿಲ್ಲ ಅನ್ಸುತ್ತೆ." ಹೊದಿಸಿದ ಬಟ್ಟೆಯೊಳಗಿಂದಲೇ ಕೈ ಎತ್ತಿ ಅದೇನೆಂದು ತೋರಿಸಿದ, ಹೇಗೆ ತಿದ್ದಬೇಕೆಂದೂ ಹೇಳಿದ. ಕ್ಷೌರದ ದುಡ್ಡು ತೆಗೆದುಕೊಳ್ಳುವ ಮುಖವೆಲ್ಲಿದೆ ನನಗೆ? ಆದರೂ ಹಟ ಹಿಡಿದು ಕೊಟ್ಟೇ ಹೋದ.

ಜುಲೈಗೆ ಆ ಮನುಷ್ಯ ಬರುತ್ತಾನೆ. ಆಗಲೂ ನಾನು ಕಂಡದ್ದನ್ನೇ ಹೇಳುತ್ತೇನೆ, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ನಿನ್ನ ಎಸೆತದ ತಪ್ಪೇನೆಂದು ನನಗೆ ಗೊತ್ತು, ಆದರೆ ಈ ಪತ್ರದಲ್ಲಿ ಬರೆಯುವುದಿಲ್ಲ. ಅದನ್ನು ಹೇಳಬೇಕಾದವನು ಮೂರನೇ ಬೀದಿಯಲ್ಲಿದ್ದಾನೆ. ಹೋಗಿ ಕೇಳು. ಅದಕ್ಕೂ ಮೊದಲು ನೀನು ಹೇಳಬೇಕಾದದ್ದನ್ನು ಹೇಳು.

ದೇವರು ನಿನ್ನ ತೋಳಿಗೆ ಬೇಕಾದಷ್ಟು ಬಲ ಕೊಟ್ಟಿದ್ದಾನೆ. ಒಂದು ಬಾಗಿಲು ತಟ್ಟುವಷ್ಟು ಬಲವನ್ನು ನಿನ್ನ ಬೆರಳಿಗೂ ಕೊಡಲಿ.

ತಲೆ ತಗ್ಗಿಸಿಕೊಂಡೇ ನಿನ್ನ ದಾರಿ ಕಾಯುತ್ತಿರುವ,
ನಿನ್ನ ಅಪ್ಪ,
ಆಲ್ವಿನ್