ಏರ್‌ಬ್ಯಾಗ್ ವರದಿಯ ಎರಡನೇ ಹಾಳೆ

ಮನೆಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಮಣಿಕಟ್ಟಿನ ಊತ ಇಳಿಯಿತೇ? ಕೆನ್ನೆಯ ಗಾಯಕ್ಕೆ ಮುಲಾಮು ಹಚ್ಚುತ್ತಿದ್ದೀಯೋ, ನರ್ಸ್ ಆದವಳಿಗೆ ಯಾರು ಹೇಳಬೇಕು ಎಂದು ಬಿಟ್ಟುಬಿಟ್ಟಿದ್ದೀಯೋ? ನಿನ್ನ ಅತ್ತೆ ಫೋನಿನಲ್ಲಿ "ಊಟ ಮಾಡ್ತಾಳೆ, ಮಾತೇ ಆಡಲ್ಲ" ಎಂದಳು. ನನ್ನ ತಂಗಿಯ ಮನೆಯಲ್ಲಿ ಅದೇನು ಕಷ್ಟವಲ್ಲ ಬಿಡು, ನಿನ್ನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಾಳೆ. ನೀನು ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಅಮ್ಮ ಚೆನ್ನಾಗಿದ್ದಾಳೆ, ನನ್ನ ಜೊತೆ ಮಾತು ಕಮ್ಮಿ. ನನಗೆ ಮಂಡಿನೋವು ಹಾಗೇ ಇದೆ. ನೀನು ಹೋದ ಮೇಲೆ ನಿದ್ದೆ ಸರಿಯಿಲ್ಲ. ಕೂತರೆ ಏಳಲು ಬೇಜಾರು, ಎದ್ದರೆ ಕೂರಲು ಬೇಜಾರು.

ನಮ್ಮ ಮನೆಯ ಕಾರಿನ ವಿಷಯ ಹೇಳುತ್ತೇನೆ. ಅದು ಇನ್ನೂ ಮೆಕ್ಯಾನಿಕ್‌ನ ಶೆಡ್ಡಿನಲ್ಲೇ ಇದೆ, ಒಡೆದ ಏರ್‌ಬ್ಯಾಗುಗಳು ಒಣಗಲು ಹಾಕಿದ ದಿಂಬಿನ ಕವರಿನಂತೆ ಜೋತುಬಿದ್ದಿವೆ. ಒಳಗೆ ಒಂದು ಸಣ್ಣ ಪೆಟ್ಟಿಗೆ ಇರುತ್ತದಂತೆ. ಏರ್‌ಬ್ಯಾಗ್ ತೆರೆದುಕೊಂಡ ಕೂಡಲೇ ಅದಕ್ಕೂ ಹಿಂದಿನ ಐದು ಸೆಕೆಂಡುಗಳನ್ನು ಬರೆದಿಟ್ಟುಕೊಳ್ಳುತ್ತದಂತೆ. ಮೆಕ್ಯಾನಿಕ್ ಅದಕ್ಕೆ ವೈರು ಸಿಕ್ಕಿಸಿ, ಕಂಪ್ಯೂಟರಿನಿಂದ ಹಾಳೆಗಳನ್ನು ತೆಗೆದುಕೊಟ್ಟ. ನಿನ್ನ ವೇಗ ಹದಿನೆಂಟು. ಕಾಲು ಬ್ರೇಕಿನ ಮೇಲೆ, ಅದೂ ಮೆತ್ತಗೆ. ನೀನೂ ಪಕ್ಕ ಕೂತಿದ್ದ ನಿಮ್ಮ ಹಿರಿಯ ಸಿಸ್ಟರೂ ಬೆಲ್ಟ್ ಹಾಕಿದ್ದಿರಿ. ಗುದ್ದಿದ ಗುರುತು ಇಲ್ಲವೇ ಇಲ್ಲ. ರೋಗಿಯ ಮನೆಯ ಓಣಿಗೆ ನೀನು ನಿಧಾನವಾಗಿ ತಿರುಗುತ್ತಿದ್ದೆ, ಸೀಟಿನಡಿ ಸವೆದುಹೋಗಿದ್ದ ವೈರಿನಿಂದ ಏರ್‌ಬ್ಯಾಗ್ ತನ್ನಷ್ಟಕ್ಕೆ ತಾನೇ ಸಿಡಿಯಿತು. ನೀನು ಹೇಳಿದ್ದೂ ಅಕ್ಷರಶಃ ಇದನ್ನೇ.

ಅವತ್ತು ಆಸ್ಪತ್ರೆಯ ವರಾಂಡದಲ್ಲಿ ಎಲ್ಲರೆದುರು ನಾನು ಏನಂದೆ? "ಫುಟ್‌ಪಾತ್‌ಗೆ ಹೊಡೆದಿರ್ತೀಯ. ಸುಮ್‌ಸುಮ್ನೆ ಒಡೆಯೋಕೆ ಅದೇನು ಹಾಲಿನ ಪ್ಯಾಕೆಟ್ಟಾ?" ಮೂವತ್ತೊಂದು ವರ್ಷದಿಂದ ಡ್ರೈವಿಂಗ್ ಕಲಿಸುವವನ ಮಾತು, ಅದೂ ಹೆತ್ತ ಅಪ್ಪನದು, ಯಾರು ನಂಬುವುದಿಲ್ಲ? ಸಿಡಿದ ಸದ್ದಿಗೆ ಹಿರಿಯ ಸಿಸ್ಟರ್‌ಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ತಪ್ಪು ಯಾರದೆಂದು ತೀರ್ಮಾನವಾಗುವ ತನಕ ಕೆಲಸಕ್ಕೆ ಬರಬೇಡ ಎಂದರು ನಿನ್ನ ಆಫೀಸಿನವರು. ನೀನು ಚೀಲ ತುಂಬಿಕೊಂಡು ಅತ್ತೆಯ ಮನೆಗೆ ಹೋದೆ. ನನಗೆ ನಾಚಿಕೆಯಾಗುತ್ತಿದೆ ಮಗಳೇ.

ನಿನಗೆ ಕಲಿಸಿದ ದಿನಗಳು ನೆನಪಾಗುತ್ತಿವೆ. ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ದೀಪಗಳಿಗೆಲ್ಲ ನಾನು ಕಪ್ಪು ಟೇಪು ಅಂಟಿಸಿರುತ್ತೇನಲ್ಲ, ಕಲಿಯುವವರು ದೀಪ ನೋಡಿ ಗಾಬರಿಯಾಗಿ ರಸ್ತೆ ಮರೆಯುತ್ತಾರೆ ಎಂದು. "ಕಣ್ಣು ರಸ್ತೆ ಮೇಲೆ, ದೀಪದ ಮೇಲಲ್ಲ" ಎಂದು ನೀನು ಊಟಕ್ಕೆ ಕೂತಾಗ ನನ್ನ ದನಿಯಲ್ಲೇ ಅಣಕಿಸುತ್ತಿದ್ದೆ. ಪೆಟ್ರೋಲ್ ಮುಗಿದದ್ದು ಹೇಗೆ ಗೊತ್ತಾಗುತ್ತೆ ಎಂದು ಕೇಳಿದ್ದಕ್ಕೆ "ಗಾಡಿ ನಿಂತಾಗ" ಎಂದಿದ್ದೆ ನಾನು. ಎಷ್ಟು ನಕ್ಕಿದ್ದೆ ನೀನು! ನಾನು ಕಲಿಸಿದ ಸಾವಿರಾರು ಜನರಲ್ಲಿ ನಿನ್ನಷ್ಟು ಹದವಾಗಿ ಸ್ಟೀರಿಂಗ್ ಹಿಡಿದವರು ಇನ್ನೊಬ್ಬರಿಲ್ಲ. ಇದನ್ನು ಯಾವತ್ತೂ ಹೇಳಿರಲಿಲ್ಲ, ಹೇಳಿದರೆ ತಲೆಗೇರುತ್ತೆ ಎಂದುಕೊಂಡಿದ್ದೆ.

ಶನಿವಾರ ಹಾಳೆ ಹಿಡಿದು ನಿನ್ನ ಆಫೀಸಿಗೆ ಹೋಗಿದ್ದೆ. ಮ್ಯಾನೇಜರ್ ಓದಿ, "ಇದು ಒಂದನೇ ಪುಟ, ಎರಡನೇದು ಎಲ್ಲಿ?" ಎಂದು ಕೇಳಿದರು. ಮನೆಯಲ್ಲಿದೆ ಎಂದೆ. ಅದು ನನ್ನ ಅಂಗಿಯ ಜೇಬಿನಲ್ಲಿತ್ತು.

ಹಿರಿಯ ಸಿಸ್ಟರ್‌ಗೆ ಈಗ ಸ್ವಲ್ಪ ಕೇಳಿಸುತ್ತಿದೆ. ನಿನ್ನ ಮೇಲೆ ಕೋಪವಿಲ್ಲ ಎಂದು ಹೇಳಿಕಳಿಸಿದ್ದಾರೆ. ಅತ್ತೆಗೆ ನನ್ನ ನೆನಪು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಮಲಗು. ನಿನ್ನ ಕೈ ಬೇಗ ಗಟ್ಟಿಯಾಗಲಿ, ನೀನು ಹೋಗುವ ದಾರಿಯೆಲ್ಲ ಹಸನಾಗಿರಲಿ.

ನಿನ್ನ
ಅಪ್ಪ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ಎರಡನೇ ಹಾಳೆಯಲ್ಲಿ ಇರುವುದು ಇಷ್ಟು: ಸಿಡಿಯುವ ಮೊದಲು ನೂರಾ ಎಂಬತ್ತಾರು ಸಲ ಗಾಡಿ ಸ್ಟಾರ್ಟ್ ಮಾಡಿದಾಗಲೂ ಏರ್‌ಬ್ಯಾಗಿನ ಎಚ್ಚರಿಕೆ ದೀಪ ಉರಿಯುತ್ತಲೇ ಇತ್ತು. ಅದನ್ನು ಹಾಗೇ ಕೊಟ್ಟರೆ, ದೀಪ ಉರಿಯುತ್ತಿದ್ದರೂ ಓಡಿಸಿದಳು ಎಂದು ತಪ್ಪು ನಿನ್ನ ತಲೆಗೇ ಬರುತ್ತಿತ್ತು. ಆದರೆ ನಿನಗೆ ಅದು ಕಾಣುವಂತೆಯೇ ಇರಲಿಲ್ಲ. ಮೂರು ತಿಂಗಳ ಹಿಂದೆ "ಅಪ್ಪಾ, ಕೆಂಪು ದೀಪ ಬರ್ತಿದೆ" ಎಂದೆಯಲ್ಲ, ಮಾರನೇ ಬೆಳಿಗ್ಗೆ ಅದರ ಮೇಲೆ ಉಗುರಗಲದ ಕಪ್ಪು ಟೇಪು ಅಂಟಿಸಿದವನು ನಾನು. ಆಮೇಲೆ ತೋರಿಸಿದರಾಯಿತು ಎಂದುಕೊಂಡು ಹಾಗೇ ಬಿಟ್ಟೆ. ಮೆಕ್ಯಾನಿಕ್ ಟೇಪು ನೋಡಿದ, ನನ್ನ ಮುಖ ನೋಡಿದ. ಇವತ್ತು ಬೆಳಿಗ್ಗೆ ಎರಡನೇ ಹಾಳೆಯನ್ನೂ ಆಫೀಸಿಗೆ ಕೊಟ್ಟು, ಟೇಪಿನ ವಿಷಯ ಬರೆದು ಸಹಿ ಹಾಕಿ ಬಂದೆ. ಒಂದನೇ ತಾರೀಕಿನಿಂದ ಕೆಲಸಕ್ಕೆ ಬಾ ಎಂದಿದ್ದಾರೆ. ಟೇಪು ಅಂಟಿಸಿದ ದಿನ ಸಂಜೆ ನೀನು "ದೀಪ ಸರಿ ಮಾಡ್ಸಿದ್ಯಾ ಅಪ್ಪಾ?" ಎಂದು ಕೇಳಿದ್ದೆ. ನಾನು ಪೇಪರಿನಿಂದ ತಲೆ ಎತ್ತದೆ "ಹೂಂ" ಎಂದಿದ್ದೆ.